ಸೂಟಿಗೆ ಬಂದ ಮಗ

"ಇಳಿಸು! ಕೂಸಿನ್ನ ಕೆಳಗ ಇಳಿಸಂತ ಹೇಳಾಕತ್ತೇನಿ!"

ಕೆಂಚಪ್ಪನ ಕೂಗಿಗೆ ಗೋದಲಿಯ ಎತ್ತುಗಳು ಕೂಡ ಮೇಯುವುದನ್ನು ಬಿಟ್ಟು ತಲೆಯೆತ್ತಿದವು. ಅಂಗಳದ ನಡುವೆ ಅವನ ಮಗ ಪರಪ್ಪ ಮೊಣಕಾಲೂರಿ, ಎರಡೂ ಅಂಗೈಗಳನ್ನು ನೆಲಕ್ಕೆ ಹಚ್ಚಿ, ತಾನೇ ಒಂದು ಎತ್ತಾಗಿ ನಿಂತಿದ್ದ. ಅವನ ಬೆನ್ನ ಮೇಲೆ ನಾಲ್ಕು ವರ್ಷದ ರಾಜಪ್ಪ. ಎದುರಿಗೆ ಏಳು ವರ್ಷದ ಅಕ್ಕವ್ವ ಒಂದು ಹಿಡಿ ಹುಲ್ಲು ಹಿಡಿದು, "ಬಾ ಬಸವಾ, ಬಾ" ಎಂದು ರಮಿಸುತ್ತಿದ್ದಳು. ಹುಕ್ಕೇರಿಯ ಸಾಲಿಯಲ್ಲಿ ಒಂದು ಕೋಣೆ ತುಂಬ ಹುಡುಗರನ್ನು ಬರೀ ಕಣ್ಣಿನಿಂದಲೇ ಸುಮ್ಮನೆ ಕೂರಿಸುವ ಮಾಸ್ತರ, ಧೋತರವನ್ನೆಲ್ಲ ಮಣ್ಣು ಮಾಡಿಕೊಂಡು, "ಅಂಬಾ" ಎಂದು ಒದರಿ ಮಗಳ ಕೈಯ ಹುಲ್ಲಿಗೆ ಬಾಯಿ ಹಾಕಿದ್ದ!

ಅಪ್ಪನ ದನಿ ಕೇಳಿ ಪರಪ್ಪ ಮಗನನ್ನು ಮೆಲ್ಲಗೆ ಇಳಿಸಿ ಎದ್ದು ನಿಂತ. "ಯಾಕ್ರೀ ಅಪ್ಪಾ? ಏನಾತ್ರಿ?"

"ಏನಾತು ಅಂತ ನನ್ನ ಕೇಳ್ತಿ? ಹಡದಪ್ಪ ಕಟ್ಟಿ ಮ್ಯಾಲ ಕುಂತಾನ, ಅವನ ಕಣ್ಣ ಮುಂದ ತನ್ನ ಮಕ್ಕಳ್ನ ತಾನ ಹೊತ್ಕೊಂಡು ಕುಣಿಯೂದು! ನಾ ಇನ್ನೂ ಸತ್ತಿಲ್ಲಲೇ ಪರಪ್ಪ!"

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಬಾಳವ್ವನ ಕೈ ನಿಂತುಬಿಟ್ಟಿತು. ಹುಡುಗ ಬೆದರಿ ಅಪ್ಪನ ಕಾಲಿಗೆ ಅಂಟಿಕೊಂಡ. ಪರಪ್ಪ ಮಗನ ತಲೆ ಸವರಿ, ಮಗಳ ಕೈ ಹಿಡಿದು ಹಿತ್ತಲ ಕಡೆ ನಡೆದ. ಸ್ವಲ್ಪ ಹೊತ್ತಿಗೆಲ್ಲ ಹಿತ್ತಲಿನಿಂದ ಮತ್ತೆ ಮೂವರ ನಗು ಕೇಳಿಸಿತು… ಆ ನಗು ಕೆಂಚಪ್ಪನ ಎದೆಯೊಳಗೆ ಕೆಂಡ ಸುರಿದಂತೆ ಬಿತ್ತು.

ಘಟಪ್ರಭೆಯ ದಂಡೆಯ ಕೊಣ್ಣೂರಿನಲ್ಲಿ ಕೆಂಚಪ್ಪನೆಂದರೆ ತೂಕದ ಮನುಷ್ಯ. ಜೋಳ, ಕಬ್ಬು, ಎರಡು ಜೋಡಿ ಎತ್ತು, ತಮ್ಮ ಪರಸಪ್ಪನ ಸಂಸಾರವೂ ಕೂಡಿ ಒಂದೇ ಒಲೆಯಲ್ಲಿ ಬೇಯುವ ತುಂಬಿದ ಮನೆ. ಆ ಮನೆಯಲ್ಲಿ ಅವನ ಅಪ್ಪ ಅಪ್ಪಣ್ಣನ ಕಾಲದಿಂದಲೂ ಒಂದು ನಡೆ ಇತ್ತು. ಹಿರಿಯರ ಎದುರಿಗೆ ಗಂಡಸು ತನ್ನ ಮಕ್ಕಳನ್ನು ಮುಟ್ಟಬಾರದು. ಅಣ್ಣನ ಮಗನನ್ನು ತಮ್ಮ ಎತ್ತಿಕೊಳ್ಳಬಹುದು, ತಮ್ಮನ ಮಗಳನ್ನು ಅಣ್ಣ ಆಡಿಸಬಹುದು. ತನ್ನ ಕೂಸು ಕಾಲಿಗೆ ಬಂದು ತೊಡರಿದರೂ ಮಾತ್ರ ಕಾಣದವನ ಹಾಗೆ ದಾಟಿ ಹೋಗಬೇಕು. ಅದೇ ಮರ್ಯಾದೆ, ಅದೇ ಗಂಡಸುತನ. ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಟ್ಟ ಮಾತಲ್ಲ ಅದು, ನೋಡಿ ಕಲಿತದ್ದು.

ಒಬ್ಬನೇ ಮಗ ಪರಪ್ಪ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮಾಸ್ತರಿಕೆ ಹಿಡಿದು ಹುಕ್ಕೇರಿಗೆ ಹೋದ. ಅಲ್ಲಿ ಬಾಡಿಗೆಯ ಎರಡು ಕೋಣೆಗಳಲ್ಲಿ ಹೆಂಡತಿ, ಮಕ್ಕಳು, ತಾನು, ಇಷ್ಟೇ. ಕೆಮ್ಮಿ ಎಚ್ಚರಿಸುವ ಹಿರಿಯರಿಲ್ಲದ ಆ ಮನೆಯಲ್ಲಿ ಅವನ ತೋಳುಗಳು ತಮಗೆ ತಾವೇ ಬಿಚ್ಚಿಕೊಂಡವು. ಸಾಲಿಗೆ ರಜೆ ಬಿದ್ದು ಈ ಬೇಸಿಗೆಯ ಸೂಟಿಗೆ ಅವನು ಪೂರ್ತಿ ತಿಂಗಳೊಪ್ಪತ್ತು ಊರಲ್ಲಿರಲು ಬಂದಾಗ ಆ ಬಿಚ್ಚಿದ ತೋಳುಗಳನ್ನೇ ಹೊತ್ತು ತಂದಿದ್ದ. ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಮಗಳ ತಲೆ ಬಾಚುವನು. ಬೇವಿನ ಮರಕ್ಕೆ ಹಗ್ಗ ಬಿಗಿದು ಜೋಕಾಲಿ ತೂಗುವನು. ಮಧ್ಯಾಹ್ನ ಪಡಸಾಲೆಯಲ್ಲಿ ಅಂಗಾತ ಮಲಗಿ ಎದೆಯ ಮೇಲೆ ಮಗನನ್ನು ಕವುಚಿ ಹಾಕಿಕೊಂಡು, ನರಿ ಕಬ್ಬು ಕದ್ದ ಕಥೆ ಹೇಳುತ್ತ ತಾನೇ ಮೊದಲು ನಿದ್ದೆ ಹೋಗುವನು.

ಕೆಂಚಪ್ಪ ಕೆಮ್ಮಿದ. ಅವನ ಅಪ್ಪ ಕೆಮ್ಮಿದರೆ ಇಡೀ ಮನೆ ಸರಿದು ನಿಲ್ಲುತ್ತಿತ್ತು. ಇವನ ಕೆಮ್ಮಿಗೆ ಪರಪ್ಪ ಕಣ್ಣು ತೆರೆದು, "ಔಷಧ ತರಿಸಲೇನ್ರಿ ಅಪ್ಪಾ?" ಎಂದು ಕೇಳಿದ!

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಮಕ್ಕಳ ಮಾತು. ಪರಪ್ಪ ತನಗೆ ಇಂದಿಗೂ 'ರಿ' ಹಚ್ಚದೆ ಮಾತಾಡಿದವನಲ್ಲ. ಆದರೆ ಆ ಚೋಟುದ್ದದ ರಾಜಪ್ಪ ಅಪ್ಪನಿಗೆ, "ಏ ಅಪ್ಪಾ, ನೀ ಬಾ… ನೀ ಇಲ್ಲೇ ಕುಂಡ್ರು… ನೀ ಎಲ್ಲೂ ಹೋಗಬ್ಯಾಡ" ಎನ್ನುತ್ತಿದ್ದ. ನೀ! ಆ ಒಂದು ಅಕ್ಷರಕ್ಕಾಗಿ ಕೆಂಚಪ್ಪನ ಕಿವಿಗಳು ಹಸಿದವು. ತನ್ನನ್ನು ಜೀವನದಲ್ಲಿ ಯಾವ ಕೂಸಾದರೂ ಹಾಗೆ ಕರೆದಿತ್ತೇ? ನೆನಪು ಅಲ್ಲಿಗೆ ಹೋಗುತ್ತಲೇ ಅವನು ಮುಖ ತಿರುಗಿಸಿ, ಎದ್ದು ದನಗಳ ಕಡೆ ನಡೆಯುತ್ತಿದ್ದ.

ಮಗನನ್ನು ಮಕ್ಕಳಿಂದ ಬಿಡಿಸಬೇಕೆಂದು ಅವನು ಮಾಡದ ಉಪಾಯವಿಲ್ಲ. "ಸೂಟಿ ಅಂದ್ರ ಕಾಲು ಚಾಚಿ ಮಲಗೂದಲ್ಲ, ಹೊಲಕ್ಕ ಹೋಗಿ ಕಸಾ ಆರಸು" ಎಂದ. ಪರಪ್ಪ ಹೊರಟ, ಹಿಂದೆಯೇ ಇಬ್ಬರೂ ಮಕ್ಕಳು ಬುಟ್ಟಿ ಹಿಡಿದು ಹೊರಟರು. ಮೂಡಲಗಿಯ ಸಂತೆಗೆ ಹಗ್ಗ ತರಲು ಅಟ್ಟಿದ. ಪರಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಊರು ದಾಟಿದ. ಓಣಿಯ ಹೆಂಗಸರು, "ಎಂಥಾ ಕಕ್ಕುಲಾತಿ ನೋಡ್ರಿ ಮಾಸ್ತರಗ!" ಎಂದು ಸಂತೋಷಪಟ್ಟರೆ ಕೆಂಚಪ್ಪನಿಗೆ ಅದು ಬೈಗುಳದಂತೆ ಕೇಳುತ್ತಿತ್ತು. ತಮ್ಮ ಪರಸಪ್ಪ ನಗುತ್ತ, "ಅಣ್ಣಾ, ಕಾಲ ಬದಲಾಗೇತಿ. ನೀನೂ ಮೊಮ್ಮಗನ್ನ ತೊಡಿಮ್ಯಾಲ ಹಾಕ್ಕೊ. ಮೊಮ್ಮಕ್ಕಳಿಗೆ ಯಾರ ಅಡ್ಡಿ ಐತಿ?" ಎಂದರೆ, "ನನಗ ನೀ ಬುದ್ಧಿ ಹೇಳಬ್ಯಾಡ" ಎಂದು ಗದರಿದ.

ಆದರೆ ಆ ಮಾತು ಒಳಗೆ ಹೊಕ್ಕು ಕುಳಿತಿತ್ತು. ಒಂದು ದಿನ ಯಾರಿಗೂ ಹೇಳದೆ ಗೋಕಾಕಕ್ಕೆ ನಡೆದು ಹೋದ. ಅಲ್ಲಿ ಗೊಂಬೆ ಮಾಡುವವರ ಓಣಿಯಲ್ಲಿ ಅರ್ಧ ದಿನ ನಿಂತು, ಒಂದೊಂದನ್ನೇ ಎತ್ತಿ ನೋಡಿ, ಕೆಂಪು ಬಣ್ಣದ, ಹಳದಿ ಜೀನಿನ ಗಾಲಿಗಳಿದ್ದ ಒಂದು ಕಟ್ಟಿಗೆಯ ಕುದುರೆಯನ್ನು ಆರಿಸಿಕೊಂಡ. ಬಿಸಿಲಲ್ಲಿ ಬಣ್ಣ ಕೆಡಬಾರದೆಂದು ತನ್ನ ರುಮಾಲನ್ನೇ ಬಿಚ್ಚಿ ಸುತ್ತಿಕೊಂಡು, ಬರಿದಲೆಯಲ್ಲಿ ಹಿಂತಿರುಗಿದ.

"ರಾಜಪ್ಪಾ… ಬಾರಪಾ ಇಲ್ಲೆ. ನೋಡು ಏನ ತಂದೇನಿ."

ಹುಡುಗ ಅಂಜುತ್ತ ಅಂಜುತ್ತ ಬಂದ. ಕುದುರೆಯನ್ನು ಕಂಡದ್ದೇ ಅವನ ಕಣ್ಣು ಅರಳಿದವು. ಕೆಂಚಪ್ಪ ಎರಡೂ ಕೈಗಳಿಂದ ಅವನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಎಷ್ಟು ಹಗುರ! ಎಣ್ಣೆ, ಧೂಳು, ಬೆವರು ಬೆರೆತ ಎಳೆಯ ನೆತ್ತಿಯ ವಾಸನೆ ಮೂಗಿಗೆ ಬಡಿಯಿತು. ಮುದುಕನ ಕಣ್ಣು ತಾವಾಗಿ ಮುಚ್ಚಿದವು… ಅಷ್ಟರಲ್ಲಿ ತೊಡೆ ಬರಿದಾಗಿತ್ತು. "ಅಪ್ಪಾ! ಏ ಅಪ್ಪಾ! ಕುದರಿ ನೋಡು!" ಎಂದು ಹುಡುಗ ಹಾರಿ ಓಡಿದ್ದ. ಪರಪ್ಪ ಕುದುರೆಯ ಕೊರಳಿಗೆ ದಾರ ಕಟ್ಟಿದ, ಗಾಲಿಗೆ ಎಣ್ಣೆ ಬಿಟ್ಟ, ಅಂಗಳದ ತುಂಬ ಎಳೆದಾಡಿಸಿದ. ಸಂಜೆಗೆ ನೆರೆಮನೆಯ ಹುಡುಗರು ಬಂದು, "ಯಾರದು ಈ ಕುದರಿ?" ಎಂದು ಕೇಳಿದರೆ ರಾಜಪ್ಪ ಎದೆ ಸೆಟೆಸಿ ಹೇಳಿದ:

"ನಮ್ಮಪ್ಪಂದು!"

ಕಟ್ಟೆಯ ಮೇಲೆ ಕುಳಿತಿದ್ದ ಕೆಂಚಪ್ಪ ಅದನ್ನು ಕೇಳಿದ. ತಂದವನು ತಾನು, ಬಿಸಿಲಲ್ಲಿ ಬೆಂದವನು ತಾನು! ಅಂದಿನಿಂದ ಅವನಿಗೆ ಮಗನ ಮುಖ ನೋಡುವುದೇ ಆಗದಾಯಿತು. ಹೊರಗಿನ ವೈರಿಯ ಮೇಲೂ ಅವನು ಅಷ್ಟು ಹಗೆ ಸಾಧಿಸಿದವನಲ್ಲ.

ಅದು ಒಡೆದದ್ದು ಒಂದು ಮಧ್ಯಾಹ್ನದ ಊಟದ ಹೊತ್ತಿಗೆ. ಗಂಡಸರು ಸಾಲಾಗಿ ಕುಳಿತಿದ್ದರು. ರಾಜಪ್ಪ ಬಂದು ಸೀದಾ ಅಪ್ಪನ ತೊಡೆ ಏರಿದ. ಪರಪ್ಪ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸಿ, ಒಂದೊಂದೇ ತುತ್ತನ್ನು ಮಗನ ಬಾಯಿಗಿಡತೊಡಗಿದ. "ಇದು ಗುಬ್ಬಿ ತುತ್ತು… ಇದು ಗಿಣಿ ತುತ್ತು…" ಕೆಂಚಪ್ಪ ತನ್ನ ಊಟದ ಗಂಗಾಳವನ್ನು ಝಾಡಿಸಿ ದೂಡಿದ. ಅದು ಗೋಡೆಗೆ ಬಡಿದು ಗಣಗಣ ತಿರುಗಿತು.

"ಹೆಂಗಸಾಗಿ ಹುಟ್ಟಬೇಕಾಗಿತ್ತು ನೀ! ಏ ಬಾಳವ್ವಾ, ಏನ ಮಾಟಾ ಮಾಡಿ ನನ್ನ ಮಗನ್ನ ಹಿಂಗ ಮಾಡೀದಿ? ಕೂಸು ಉಣಸೂದು ನಿನ್ನ ಕೆಲಸೋ, ಅವಂದೋ? ಉಣ್ಣೂ ಜಾಗಾದಾಗೂ ನನ್ನ ಎದುರಿಗಿ ಈ ಆಟ ಹೂಡಾಕ ನಿನಗ ಎಷ್ಟ ಧೈರ್ಯ!"

ಬಾಳವ್ವ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. "ಇಲ್ಲರಿ ಮಾವಾರ… ನಾ ಏನೂ…" ಮುಂದಿನದು ಬಿಕ್ಕಿನಲ್ಲಿ ಮುಳುಗಿತು.

ಆಗ ಅಕ್ಕವ್ವ ಎದ್ದು ಬಂದಳು. ಅವಳ ಕೈಯಲ್ಲಿ ತನ್ನ ಗಂಗಾಳದ ಒಂದು ತುತ್ತು ಇತ್ತು. ಹಾಲು ಮೊಣಕೈ ತನಕ ಸೋರುತ್ತಿತ್ತು. ಅಜ್ಜನ ಎದುರಿಗೆ ನಿಂತು, ಮುಖವೆತ್ತಿ, ಒಂದಿಷ್ಟೂ ಕಪಟವಿಲ್ಲದೆ ಹೇಳಿದಳು: "ಅಜ್ಜಾ, ನಮ್ಮವ್ವಗ ಬೈಬ್ಯಾಡ. ನಿನಗ ಯಾರೂ ಉಣಸೂದಿಲ್ಲಂತ ಸಿಟ್ಟ ಬಂದೈತೇನು? ಬಾಯಿ ತಗಿ, ನಾ ಉಣಸ್ತೇನಿ."

ತುಂಬಿದ ಪಂಕ್ತಿಯ ಮುಂದೆ ಅವನ ಎದೆಯನ್ನು ಯಾರೋ ಬಿಚ್ಚಿ ತೋರಿಸಿದಂತಾಯಿತು! ಕೆಂಚಪ್ಪನ ಕೈ ಮೇಲೆದ್ದದ್ದು ಅವನಿಗೇ ತಿಳಿಯಲಿಲ್ಲ. ಛಟೀರೆಂದು ಸದ್ದಾಯಿತು. ತುತ್ತು ನೆಲಕ್ಕೆ ಬಿತ್ತು. ಹುಡುಗಿ ಅಳಲಿಲ್ಲ, ಕೆನ್ನೆ ಹಿಡಿದುಕೊಂಡು, ತಾನು ಮಾಡಿದ ತಪ್ಪೇನೆಂದು ಹುಡುಕುವವಳ ಹಾಗೆ ಅಜ್ಜನನ್ನೇ ನೋಡುತ್ತ ನಿಂತಳು.

ಪರಪ್ಪ ಎದ್ದ. ಮಗಳನ್ನು ಎತ್ತಿ ಎದೆಗೆ ಒತ್ತಿಕೊಂಡ. ಅವನ ದನಿ ಏರಲಿಲ್ಲ, ನಡುಗುತ್ತಿತ್ತು.

"ಅಪ್ಪಾ… ನನ್ನ ಹೊಡೀಬೇಕಾಗಿತ್ತ್ರಿ ನೀವು. ನಾ ಸಣ್ಣಾಂವ ಇದ್ದಾಗಿಂದ ಹೊಡ್ಯಾಕೂ ನನ್ನ ಮುಟ್ಟಿಲ್ಲ ನೀವು. ಹಂಗಾದರೂ ನಿಮ್ಮ ಕೈ ಒಮ್ಮೆ ನನ್ನ ಮೈಗೆ ಹತ್ತತಿತ್ತು…" ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಕಾಕಾ, ನಾಳೆ ಮುಂಜಾನೆ ಬಂಡಿ ಹೂಡಿಸ್ರಿ. ನಾವು ಹುಕ್ಕೇರಿಗೆ ಹೊಕ್ಕೇವಿ" ಎಂದ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಾಳವ್ವ ಗಂಟು ಕಟ್ಟುತ್ತಿದ್ದಳು. ಹೋಗುವ ಮುಂಚೆ ಒಂದೇ ಒಂದು ಸಲ ಹೊಳೆಯಲ್ಲಿ ಆಡುತ್ತೇವೆಂದು ಮಕ್ಕಳು ಹಟ ಹಿಡಿದಿದ್ದರಿಂದ ಪರಪ್ಪ ಅವರನ್ನು ಜಳಕಕ್ಕೆ ಕರೆದುಕೊಂಡು ಹೋಗಿದ್ದ. ಕೆಂಚಪ್ಪ ದನದ ಕೊಟ್ಟಿಗೆಯಲ್ಲಿ ಸುಮ್ಮಸುಮ್ಮನೆ ಮೇವು ಸರಿಸುತ್ತಿದ್ದ. ಹೆಂಡತಿ ಶಿವವ್ವ ಬಂದು ಎದುರಿಗೆ ನಿಂತಳು. ಅವನೆದುರು ಹೀಗೆ ನೆಟ್ಟಗೆ ನಿಂತವಳೇ ಅಲ್ಲ ಅವಳು.

"ಬಂಡಿ ಹೂಡಾಕತ್ತಾರ. ಈಗ ತಂಪಾತೇನ್ರಿ ನಿಮ್ಮ ಹೊಟ್ಟಿ?"

"ಬಾಯಿ ಮುಚ್ಚು. ಮನಿ ಮರ್ಯಾದಿ ಅಂತ ಒಂದ ಇರತೈತಿ."

"ಮರ್ಯಾದಿ ಅಲ್ಲರಿ ಅದು! ಹೊಟ್ಟಿಕಿಚ್ಚು! ಹಡದ ಮಗನ ಮ್ಯಾಲ ಹೊಟ್ಟಿಕಿಚ್ಚು! ಇಷ್ಟ ವರ್ಷ ನಿಮ್ಮ ಕೂಡ ಬಾಳೇವ ಮಾಡೇನಿ, ನನಗ ತಿಳಿಯೂದಿಲ್ಲೇನು? ಅಂವಾ ಕೂಸಿನ್ನ ಎತ್ತಿಕೊಂಡಾಗ ನೀವು ಕೂಸಿನ ಮಾರಿ ನೋಡೂದಿಲ್ಲ, ಅವನ ತೋಳ ನೋಡ್ತೀರಿ. ನಿಮ್ಮ ತೋಳಿನ್ಯಾಗ ನಮ್ಮ ಕೆಂಪವ್ವ ಇರಬೇಕಾಗಿತ್ತು… ಇರಲಿಲ್ಲ. ಅದಕ್ಕ ಅಂವಗೂ ಬ್ಯಾಡ ಅಂತೀರಿ!"

ಕೆಂಪವ್ವ! ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೆಂಚಪ್ಪ ಗೋದಲಿಯ ಅಂಚು ಹಿಡಿದುಕೊಂಡ.

ಪರಪ್ಪ ಹುಟ್ಟುವುದಕ್ಕೂ ಮುಂಚಿನ ಮಾತು. ಊರಿಗೆ ಪ್ಲೇಗು ಬಂದು, ಜನ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ. ಅವರ ಚೊಚ್ಚಲ ಮಗಳು ಕೆಂಪವ್ವನಿಗೆ ಮೂರು ತುಂಬಿತ್ತು. ಅವಳಿಗೂ ಜ್ವರ ಬಂತು. ಗುಡಿಸಲಿನ ಬಾಗಿಲಲ್ಲಿ ಕೆಂಚಪ್ಪನ ಅಪ್ಪ ಅಪ್ಪಣ್ಣ ಕಂಬಳಿ ಹೊದ್ದು ಕುಳಿತಿದ್ದ. ಹೊರಗೆ ಎತ್ತಿನ ಹಗ್ಗ ಹಿಡಿದು ಕೆಂಚಪ್ಪ ನಿಂತಿದ್ದ. ಒಳಗಿನಿಂದ ಕೂಸು ಕೂಗುತ್ತಿತ್ತು: "ಅಪ್ಪಾ, ಎತ್ತಿಕೋ… ಅಪ್ಪಾ, ನೀ ಎತ್ತಿಕೋ…" ಬೆಳಗಿನಿಂದ ಬಿಸಿಲೇರುವ ತನಕ ಕೂಗಿತು. ಕೆಂಚಪ್ಪ ತನ್ನ ಅಪ್ಪನ ಕಾಲುಗಳನ್ನೇ ನೋಡುತ್ತ ನಿಂತ. ಒಂದು ಹೆಜ್ಜೆ ಮುಂದಿಡಲಿಲ್ಲ. ಕೂಗು ಸಣ್ಣದಾಯಿತು, ಆಮೇಲೆ ನಿಂತಿತು. ಅವನು ಮಗಳನ್ನು ತೋಳಿನಲ್ಲಿ ಎತ್ತಿಕೊಂಡದ್ದು ಒಂದೇ ಸಲ… ಮಣ್ಣಿಗಿಡಲು!

ಕೊಟ್ಟಿಗೆಯ ಮಬ್ಬಿನಲ್ಲಿ ಮುದುಕ ಗೋದಲಿಯ ಅಂಚನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ಶಿವವ್ವಾ… ಒಂದ ಮಾತ ನಿನಗ ಹೇಳಿಲ್ಲ ನಾನು. ಅಕಿನ್ನ ಮಣ್ಣ ಮಾಡಿ ಬರಬೇಕಾದ್ರ ಹಾದ್ಯಾಗ ನಮ್ಮಪ್ಪ ನಿಂತ. ನನ್ನ ಮಾರಿ ನೋಡಿ ಅಂದ… 'ಒಳಗ ಹೋಗಬಾರದಾಗಿತ್ತೇನೋ ಕೆಂಚಾ? ನಾ ಬ್ಯಾಡ ಅಂದಿದ್ನೇನು? ನೀ ಒಂದ ಹೆಜ್ಜಿ ಇಟ್ಟಿದ್ರ ನಾನ ಎದ್ದು ಆಚಿ ಹೋಗ್ತಿದ್ದೆ…' ಅಂದ. ಬ್ಯಾಡ ಅಂದವರ ಯಾರೂ ಇರಲಿಲ್ಲ ಶಿವವ್ವಾ! ನಾನ ಹೋಗಲಿಲ್ಲ. ನಾನ!"

ಶಿವವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಸಿದು ಕುಳಿತಳು. ಇಷ್ಟು ಕಾಲ ಅವಳು ಮನಸ್ಸಿನೊಳಗೇ ಮಾವನನ್ನು ಶಪಿಸುತ್ತ ಬಂದಿದ್ದಳು. ಅತ್ತು ಅತ್ತು ಕೊನೆಗೆ ಅವಳೇ ತಲೆಯೆತ್ತಿದಳು.

"ಆತು… ಅಕಿ ಹೋದಳು. ಪರ್ಯಾ ಹುಟ್ಟಿದ ವರ್ಷಾನ ಮಾವಾರೂ ಹೋದರು. ಆಮ್ಯಾಲ ಯಾರ ಇದ್ದರ್ರಿ ಅಡ್ಡ? ಅವನ್ನಾರ ಯಾಕ ಎತ್ತಿಕೊಳ್ಳಲಿಲ್ಲ?"

"ಅಂಜಿಕಿ… ನನ್ನ ಕೈ ಕೆಟ್ಟ ಕೈ. ಎತ್ತಿಕೊಂಡರ ಇದೂ ಹೋದೀತು ಅಂತ ಅಂಜಿಕಿ."

"ಅಂವಾ ಏನ ತಿಳಕೊಂಡಿದ್ದ ಗೊತ್ತೇನ್ರಿ? 'ಅವ್ವಾ, ಅಪ್ಪಗ ನಾ ಬ್ಯಾಡಾಗಿ ಹುಟ್ಟೇನೇನು?' ಅಂತ ನನ್ನ ಕೇಳತಿದ್ದ. ಈಗ ಮಕ್ಕಳ್ನ ಹಗಲೆಲ್ಲಾ ಹೊತ್ತು ತಿರಗತಾನಲ್ಲಾ, ನಿಮ್ಮನ್ನ ಉರಸಾಕ ಅಲ್ಲರಿ… ತನಗ ಸಿಗಲಾರದ್ದು ಅವಕ್ಕ ಸಿಗಲಿ ಅಂತ."

ಕೆಂಚಪ್ಪ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊಳೆಯ ದಾರಿ ಹಿಡಿದ. ಅಂಗಳದಲ್ಲಿ ಬಂಡಿಗೆ ಎತ್ತು ಹೂಡುತ್ತಿದ್ದ ಪರಸಪ್ಪ, "ಎಲ್ಲಿಗಿ ಅಣ್ಣಾ?" ಎಂದರೆ ತಿರುಗಿಯೂ ನೋಡಲಿಲ್ಲ.

ಬೇಸಿಗೆಯ ಘಟಪ್ರಭೆ ಬಂಡೆಗಳ ನಡುವೆ ಸಣ್ಣಗೆ, ತಿಳಿಯಾಗಿ ಹರಿಯುತ್ತಿತ್ತು. ಪರಪ್ಪ ಮೊಣಕಾಲುದ್ದದ ನೀರಿನಲ್ಲಿ ಒಂದು ಹಾಸುಗಲ್ಲಿನ ಮೇಲೆ ಬರಿಮೈಯಲ್ಲಿ ಕುಳಿತಿದ್ದ. ಮಕ್ಕಳು ಅವನ ಮೇಲೆ ನೀರೆರಚಿ ಕೇಕೆ ಹಾಕುತ್ತಿದ್ದರು. ಅಜ್ಜ ದಂಡೆ ಇಳಿಯುವುದನ್ನು ಕಂಡದ್ದೇ ಕೇಕೆ ನಿಂತಿತು. ರಾಜಪ್ಪ ಅಪ್ಪನ ಕೊರಳಿಗೆ ಜೋತುಬಿದ್ದ. ಅಕ್ಕವ್ವ ಅಪ್ಪನ ಮರೆಗೆ ಅಡಗಿ, ಕೆನ್ನೆಗೆ ಕೈ ಮುಚ್ಚಿಕೊಂಡಳು. ಅದನ್ನು ಕಂಡು ಕೆಂಚಪ್ಪನ ಹೆಜ್ಜೆ ತಡೆಯಿತು. ತಾನು ಹೊಟ್ಟೆಕಿಚ್ಚು ಪಟ್ಟು ಪಟ್ಟು ಗಳಿಸಿಕೊಂಡದ್ದು ಇಷ್ಟು!

"ಹೊಕ್ಕೇವ್ರಿ ಅಪ್ಪಾ, ಇನ್ನೊಂದ ಗಳಿಗಿ" ಎಂದ ಪರಪ್ಪ, ಮುಖ ನೋಡದೆ. "ಮಕ್ಕಳು ಮೈ ಒರಸಿಕೊಂಡ ಕೂಡಲೇ ಹೊರಡ್ತೇವಿ."

ಕೆಂಚಪ್ಪ ಧೋತರ ನೆನೆಯುವುದನ್ನು ಲೆಕ್ಕಿಸದೆ ನೀರಿಗಿಳಿದ. ಆದರೆ ಹುಡುಗಿಗೆ ಇನ್ನಷ್ಟು ಅಂಜಿಕೆಯಾಗಬಾರದೆಂದು ಒಂದು ಮಾರು ದೂರದಲ್ಲೇ ನಿಂತ.

"ಅಕ್ಕವ್ವಾ… ನಿನ್ನೆ ನೀ ಖರೇನ ಹೇಳಿದಿ. ಅದಕ್ಕ ಸಿಟ್ಟ ಬಂತು ನನಗ. ನಿಮ್ಮಪ್ಪನ್ನ ನಾ ಒಮ್ಮೆನೂ ಎತ್ತಿಕೊಂಡಿಲ್ಲವಾ. ಅಂವಾ ನಿಮ್ಮನ್ನ ಎತ್ತಿಕೊಂಡಿದ್ದು ಕಂಡು ನನ್ನ ಹೊಟ್ಟಿ ಉರೀತು… ತಪ್ಪ ನಂದು. ನಿಂದಲ್ಲ, ನಿಮ್ಮವ್ವಂದಲ್ಲ."

ಪರಪ್ಪನ ಬೆನ್ನು ಕಲ್ಲಿನಂತೆ ಬಿಗಿಯಿತು. ಕೆಂಚಪ್ಪ ಬಾಗಿ ಹೊಳೆಯ ತಳದಿಂದ ಒಂದು ನುಣುಪಾದ ಕಲ್ಲನ್ನು ಎತ್ತಿಕೊಂಡ. ಅದನ್ನು ಕೈಯಲ್ಲಿ ಹಿಂದೆಮುಂದೆ ತಿರುಗಿಸಿದ. ಮೊಮ್ಮಗನನ್ನು ಕೊಡು ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಕೇಳಬೇಕಾದದ್ದು ಅದಲ್ಲವೆಂದೂ ಈಗ ತಿಳಿದಿತ್ತು.

"ಪರ್ಯಾ… ಬೆನ್ನ ತಿಕ್ಕಲೇನು?"

ಮೂವತ್ತು ದಾಟಿದ ಮಗ ತಿರುಗಿ ನೋಡಲಿಲ್ಲ. ತಲೆ ಮಾತ್ರ ಬಗ್ಗಿತು. ಆ ಬಗ್ಗಿದ ತಲೆಯನ್ನೇ ಒಪ್ಪಿಗೆಯೆಂದು ತಿಳಿದು ಮುದುಕ ಹತ್ತಿರ ಸರಿದ. ಎಡಗೈಯನ್ನು ಮಗನ ಹೆಗಲ ಮೇಲಿಟ್ಟ. ಇಷ್ಟು ಅಗಲವಾಯಿತೇ ಈ ಹೆಗಲು! ಯಾವಾಗ ಬೆಳೆಯಿತು? ಯಾರನ್ನು ಕೇಳಬೇಕು! ಬಲಗೈಯಿಂದ ತಿಕ್ಕತೊಡಗಿದ. ಕುತ್ತಿಗೆಯ ಕೆಳಗೆ, ಬೆನ್ನೆಲುಬಿನ ಗುಂಟ, ಪಕ್ಕೆಗಳ ಮೇಲೆ… ತಾಯಂದಿರು ಕೂಸುಗಳಿಗೆ ಮಾಡುವುದನ್ನು ಕಂಡಿದ್ದನೇ ಹೊರತು ತಾನು ಎಂದೂ ಮಾಡಿದವನಲ್ಲ. ಕೈಗೆ ಹದ ತಿಳಿಯಲಿಲ್ಲ. ಪರಪ್ಪನ ಭುಜಗಳು ಒಮ್ಮೆ ಅದುರಿದವು, ಮತ್ತೊಮ್ಮೆ ಅದುರಿದವು, ಆಮೇಲೆ ನಿಲ್ಲಲೇ ಇಲ್ಲ.

ರಾಜಪ್ಪ ಅಪ್ಪನ ಕೊರಳು ಬಿಟ್ಟು ಕಣ್ಣು ಪಿಳಿಪಿಳಿ ಬಿಡುತ್ತ, "ಅಜ್ಜ ಅಪ್ಪಗ ಜಳಕಾ ಮಾಡಸಾಕತ್ತಾನ!" ಎಂದ. ದಂಡೆಯ ಮೇಲಿಂದ ಪರಸಪ್ಪನ ಕೂಗು ಕೇಳಿಸಿತು: "ಪರಪ್ಪಾ, ಎತ್ತು ಹೂಡೇನಿ… ಬರ್ತಿಯೇನೋ?"

ಪರಪ್ಪ ಮುಖ ಎತ್ತದೆಯೇ, ಒಡೆದ ದನಿಯಲ್ಲಿ ಕೂಗಿ ಹೇಳಿದ: "ಬಿಚ್ಚರಿ ಕಾಕಾ… ಎತ್ತು ಬಿಚ್ಚರಿ."

ಅಕ್ಕವ್ವ ಅಪ್ಪನ ಮರೆಯಿಂದ ಮೆಲ್ಲನೆ ಹೊರಬಂದಳು. ಒಂದು ಕೈ ಇನ್ನೂ ಕೆನ್ನೆಯ ಮೇಲಿತ್ತು. ಅಪ್ಪನ ಮುಖವನ್ನು ಬಗ್ಗಿ ನೋಡಿದಳು. ಅಜ್ಜನ ಕೈಯನ್ನು ನೋಡಿದಳು. ಆಮೇಲೆ ಕೆನ್ನೆಯ ಕೈಯನ್ನು ತೆಗೆದು, ಅಜ್ಜನ ಮಣಿಕಟ್ಟನ್ನು ಹಿಡಿದು ಹೇಳಿದಳು:

"ಅಜ್ಜಾ, ನಮ್ಮಪ್ಪ ಅಳಾಕತ್ತಾನ. ನೀ ಮೆಲ್ಲಕ ತಿಕ್ಕು."